ಹೊತ್ತು ಹೋಗಲೆಂದು ಹೊಲಿಯುವವಳು

ಮನೆ ಕಂದಾಯದ ಬಗ್ಗೆ ಸಭೆಯಿದೆ ಎಂದು ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ಯಾರದೋ ಸೀಮಂತದ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಓದಿ ಪಕ್ಕಕ್ಕಿಟ್ಟೆ. ಅಂಥ ಸಭೆಗಳಿಗೆ ಹೋಗುವವರು ನಮ್ಮ ಯಜಮಾನರು. ಬೀದಿಯ ಮನೆ ಮಾಲೀಕರ ಸಂಘದಲ್ಲಿ ಅವರದೇ ಮುಂದಾಳತ್ವ.

ಪೀಣ್ಯದ ಕಾರ್ಖಾನೆಗಳ ಬೆನ್ನಿಗೇ ಇರುವ ಬೀದಿ ನಮ್ಮದು. ಮಾವನವರ ರಾಗಿ ಹೊಲ ಸೈಟುಗಳಾದಾಗ ನಮ್ಮ ಪಾಲಿಗೆ ಉಳಿದ ಮೂಲೆಯಲ್ಲಿ ಮನೆ ಕಟ್ಟಿಸಿಕೊಂಡೆವು. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಮೊದಲು ಅಲ್ಲಿ ಒಂದೇ ಮಷಿನ್ ಇತ್ತು, ನಿಜವಾಗಿಯೂ ಹೊತ್ತು ಹೋಗಲೆಂದೇ. ಯಜಮಾನರ ಕಾರ್ಖಾನೆ ತುಮಕೂರಿನ ಕಡೆಗೆ ಎದ್ದುಹೋದಾಗ ಅವರು ಅದರ ಹಿಂದೆ ಹೋಗಲಿಲ್ಲ. ಇಲ್ಲೇ ಬೇರೆ ಕಡೆ ನೋಡುತ್ತೇನೆ ಎಂದರು. ನೋಡಿದರು, ಎಲ್ಲೂ ನಿಲ್ಲಲಿಲ್ಲ. ಆಮೇಲೆ ನನ್ನ ಕೋಣೆಗೆ ಓವರ್‌ಲಾಕ್ ಮಷಿನ್ ಬಂತು, ಹೊರಗೆ ಬೋರ್ಡು ಬಂತು, ಹುಕ್ಸು, ಕಾಜಾ, ಫಾಲ್ಸು ನೋಡಿಕೊಳ್ಳಲು ಒಬ್ಬಳು ಬಂದಳು. ಗಾರ್ಮೆಂಟ್ಸಿನಲ್ಲಿ ದುಡಿದು ಸಾಕಾಗಿ ಬಂದವಳು. ಗಂಡನಿಲ್ಲ, ಬೆಳೆಯುತ್ತಿದ್ದ ಮಗಳೊಬ್ಬಳಿದ್ದಳು. ಬಂದವಳು ವರ್ಷಗಟ್ಟಲೆ ನನ್ನ ಜೊತೆಯೇ ಉಳಿದುಬಿಟ್ಟಳು.

ಮಗನ ಓದು, ಅತ್ತೆಯ ಆಸ್ಪತ್ರೆ, ದಿನದ ಅಡುಗೆ ಎಲ್ಲ ನಡೆದದ್ದು ಆ ಕೋಣೆಯಿಂದ. ಗಂಡ ಹೆಂಡತಿ ಇಬ್ಬರೂ ಇದನ್ನು ಬಾಯಿಬಿಟ್ಟು ಆಡಿಕೊಂಡವರಲ್ಲ. ಕಂದಾಯ ಮಾತ್ರ ಪೂರ್ತಿ ವಾಸದ ಮನೆ ಎಂದೇ ಕಟ್ಟುತ್ತಿದ್ದೆವು. ಕಟ್ಟಿ ಬರುತ್ತಿದ್ದವರು ಅವರು. ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮನೆಗಳ ಕಂದಾಯ ಇಷ್ಟಕ್ಕಿಂತ ಹೆಚ್ಚು ಏರಬಾರದೆಂದು ಮಿತಿ ಹಾಕಿ, ಅಂಗಡಿ ಕಾರ್ಖಾನೆಗಳಿಗೆ ಆ ಮಿತಿ ಇಲ್ಲದಂತೆ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಜನರ ಅಹವಾಲು ಕೇಳಲು ಪಾಲಿಕೆಯ ಅಧಿಕಾರಿಯೊಬ್ಬರು ಬರುವವರಿದ್ದರು. ಅಂಗಡಿಯ ಕೆಲಸದವಳಿಗೆ ಭಯ. "ಅಂಗಡಿ ಮುಚ್ಚೋ ಅಂಗಾದ್ರೆ ನಾನೇನ್ ಮಾಡ್ಲಿ ಅಕ್ಕಾ? ಓಗಿ ಕೇಳ್ಕೊಂಡಾದ್ರೂ ಬರೋಣ" ಎಂದಳು. ಹಾಗಾಗಿ ನಾವಿಬ್ಬರೂ ದೇವಸ್ಥಾನದ ಸಮುದಾಯ ಭವನಕ್ಕೆ ಹೋದೆವು.

ಯಾರೂ ಹೇಳದಿದ್ದರೂ ಜನ ಎರಡು ಪಾಲಾಗಿ ಕೂತಿದ್ದರು. ಒಂದು ಕಡೆ ಮನೆಯವರು, ಇನ್ನೊಂದು ಕಡೆ ಅಂಗಡಿಯವರು, ಸಣ್ಣ ವರ್ಕ್‌ಶಾಪಿನವರು. ಯಜಮಾನರು ಮನೆಯವರ ಸಾಲಿನಲ್ಲಿ ಮುಂದೆ ಕೂತಿದ್ದರು. ನಾವಿಬ್ಬರು ಹಿಂದೆ ಹೆಂಗಸರ ನಡುವೆ ಕೂತೆವು.

ಬ್ಯಾಂಕಿನಿಂದ ನಿವೃತ್ತರಾದ ಪಕ್ಕದ ಮನೆಯವರು ಎದ್ದು ಶುರು ಮಾಡಿದರು. "ಸಾರ್, ನಾವು ಜೀವಮಾನ ದುಡಿದು ಕಟ್ಟಿದ ಮನೇಲಿ ನಾವು ಇದ್ದೀವಿ. ಮನೆ ನಮಗೆ ಸಂಪಾದನೆ ತರಲ್ಲ. ಸುತ್ತಮುತ್ತ ಜಾಗದ ಬೆಲೆ ಏರ್ತು ಅಂತ ನಮ್ಮ ಕಂದಾಯ ಏರಿಸಿದ್ರೆ ಹೆಂಗೆ? ಜಾಗ ಮಾರ್ಕೊಂಡು ತಿನ್ನೋಕಾಗುತ್ತಾ?"

ಆ ಕಡೆಯಿಂದ ಲೇತ್ ಇಟ್ಟುಕೊಂಡವರೊಬ್ಬರು ಎದ್ದರು. "ನಮ್ದೇನು ದೊಡ್ಡ ಫ್ಯಾಕ್ಟರಿ ಅಲ್ಲ ಸಾರ್. ನಾನು, ನನ್ ತಮ್ಮ, ಎರಡು ಮಷಿನ್ನು. ರಿಂಗ್ ರೋಡಲ್ಲಿರೋ ಟೆಕ್ ಪಾರ್ಕಿಗೂ ನಮಗೂ ಒಂದೇ ತಕ್ಕಡೀನಾ?"

ಇಬ್ಬರ ಮಾತೂ ನನಗೆ ಸರಿಯೆನ್ನಿಸಿತು. ಕೂಗಾಟ ಜೋರಾದಾಗ ಬೇಕರಿಯವನು ತಡೆಯಲಾರದೆ ಎದ್ದ. "ಮನೆ ಅಂತ ಕಂದಾಯ ಕಟ್ಟಿ ಮುಂದ್ಗಡೆ ಅಂಗಡಿ ಇಟ್ಕೊಂಡಿರೋರು ಆ ಸಾಲಲ್ಲೇ ಕೂತವ್ರೆ ಸಾರ್. ಅವ್ರು ನಮಗೆ ಬುದ್ಧಿ ಹೇಳ್ತಾರೆ!"

ಎಲ್ಲರ ಕಣ್ಣೂ ನಮ್ಮ ಯಜಮಾನರ ಮೇಲೆ ಬಿತ್ತು. ಅವರು ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. ದನಿ ಸ್ವಲ್ಪವೂ ನಡುಗಲಿಲ್ಲ. "ಅಂಗಡಿ ಗಿಂಗಡಿ ಏನೂ ಇಲ್ಲ ಸಾರ್. ನಮ್ಮನೆಯವ್ರು ಹೊತ್ತು ಹೋಗ್ಲಿ ಅಂತ ಅಕ್ಕಪಕ್ಕದವ್ರಿಗೆ ಒಂದೆರಡು ಬ್ಲೌಸ್ ಹೊಲ್ಕೊಡ್ತಾರೆ, ಅಷ್ಟೇ. ಟೈಂಪಾಸು. ಅಲ್ಲೇ ಕೂತವ್ರೆ, ಬೇಕಾದ್ರೆ ಕೇಳಿ."

ಅಧಿಕಾರಿ ಕತ್ತೆತ್ತಿ ನನ್ನನ್ನು ಹುಡುಕಿದರು. "ಹೌದಾ ಮೇಡಂ?"

ಏನೂ ಹೇಳದೆ ಕೂರಬಹುದಿತ್ತು. ನಾನು ಎದ್ದು, ಸೆರಗು ಹೊದ್ದು, "ಹೌದು ಸಾರ್, ಟೈಂಪಾಸ್‌ಗೆ" ಎಂದೆ. ಎಂದು ನಕ್ಕೆ ಕೂಡ. ಭವನದಲ್ಲಿ ಅರ್ಧ ಜನ ನಕ್ಕರು. ಅವರಲ್ಲಿ ನಾನು ಹೊಲಿದ ರವಿಕೆ ತೊಟ್ಟವರೇ ಎಷ್ಟೋ ಮಂದಿ. ಕೂತಾಗ ಪಕ್ಕದಲ್ಲಿದ್ದ ಕೆಲಸದವಳು ತನ್ನ ಕೈ ನೋಡಿಕೊಳ್ಳುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

ಯಜಮಾನರು ಮನೆಗೆ ಬರುತ್ತಾ ದಾರಿಯುದ್ದಕ್ಕೂ ಗೆಲುವಾಗಿದ್ದರು. "ನೋಡ್ದಾ, ಹೆಂಗ್ ಬಾಯಿ ಮುಚ್ಚಿಸ್ದೆ!" ಬಂದವರೇ ಬೋರ್ಡು ಬಿಚ್ಚಿ ಮಂಚದ ಕೆಳಗೆ ತಳ್ಳಿದರು. ಮಾರನೆಯ ದಿನದಿಂದ ಷಟರ್ ಅರ್ಧಕ್ಕೆ ಇಳಿಯಿತು. ಬಂದವರನ್ನು ಒಳಮನೆಯಲ್ಲಿ, ಒಲೆಯ ಪಕ್ಕ ನಿಲ್ಲಿಸಿ ಅಳತೆ ತೆಗೆಯತೊಡಗಿದೆ. "ಅಂಗಡಿ ಮುಚ್ಚಿಬಿಟ್ರಾ?" ಎಂದು ಕೇಳಿದವರಿಗೆ ಕೈ ಎತ್ತಿ ಎಂದು ಟೇಪು ಹಿಡಿಯುತ್ತಿದ್ದೆ. ರಸ್ತೆಯಲ್ಲಿ ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರೇನೋ ಎನ್ನಿಸುತ್ತಿತ್ತು.

ಕೆಲಸದವಳು ಆ ವಾರ ಬಂದಳು, ಹೆಮ್ಮಿಂಗ್ ಮಾಡಿ ಹೋದಳು. ಮುಂದಿನ ವಾರ ಬರಲಿಲ್ಲ. ಫೋನ್ ಎತ್ತಲಿಲ್ಲ. ಚಿಕ್ಕಬಾಣಾವರದಲ್ಲಿ ರೈಲು ನಿಲ್ದಾಣದ ಆಚೆಗಿದ್ದ ಅವಳ ಶೀಟಿನ ಮನೆಗೆ ಒಂದು ಭಾನುವಾರ ನಾನೇ ಹೋದೆ.

ಕುರ್ಚಿ ಹಾಕಿ ಕೂರಿಸಿದಳು, ಟೀ ಕೊಟ್ಟಳು. ಮತ್ತೆ ಗಾರ್ಮೆಂಟ್ಸಿಗೆ ಸೇರಿಕೊಂಡಿದ್ದೇನೆ ಎಂದಳು. ಅಲ್ಲಿ ಬೆನ್ನು ಬಿದ್ದುಹೋಗುತ್ತದೆ ಎಂದು ಬಿಟ್ಟುಬಂದದ್ದು ಅವಳೇ. "ಯಾಕಮ್ಮಾ? ನಮ್ಮನೆಯವ್ರ ಮಾತು ಮನಸ್ಸಿಗೆ ಹಚ್ಕೊಂಡ್ಯಾ?" ಎಂದೆ.

"ಅವ್ರಂದಿದ್ದಕ್ಕೆ ಬೇಜಾರಿಲ್ಲ ಅಕ್ಕಾ. ಗಂಡಸ್ರು, ಅಂತಾರೆ. ನೀವು ಊಂ ಅಂದ್ರಲ್ಲ" ಎಂದಳು. ತನ್ನ ಲೋಟ ಎತ್ತಿಕೊಂಡು ಬಾಗಿಲ ಬಳಿ ನಿಂತಳು. "ನನ್ ಮಗಳಿಗೆ ಗೊತ್ತುಮಾಡಿರೋ ಗಂಡಿನ ಚಿಕ್ಕಪ್ಪನೂ ಅಲ್ಲೇ ವರ್ಕ್‌ಶಾಪಿನವ್ರ ಸಾಲಲ್ಲಿದ್ರು. ಅಂಗಡೀಲಿ ಕೆಲ್ಸ ಅಂತ ಏಳಿದ್ದೆ ಅವ್ರಿಗೆ. ಟೈಂಪಾಸ್ ಮಾಡೋರ ಮನೇಲಿ ನಾನು ಏನ್ ಕೆಲ್ಸ ಮಾಡ್ತಿದ್ದೆ ಅಂತ ಏಳ್ಲಿ, ಕಸ ಮುಸುರೇನಾ?"

ಟೀ ಪೂರ್ತಿ ಕುಡಿಯದೆ ಎದ್ದು ಬಂದೆ. ನನ್ನ ಕೆಲಸವನ್ನು ನಾನು ಸಣ್ಣದು ಮಾಡಿಕೊಂಡರೆ ನನಗಷ್ಟೇ ಎಂದುಕೊಂಡಿದ್ದೆ. ಅವಳ ಕೆಲಸವನ್ನೂ ಅದರ ಜೊತೆಗೇ ಹೊಸಕಿಹಾಕಿದ್ದೆ.

ಮನೆಗೆ ಬಂದವಳೇ ಯಜಮಾನರಿಗೆ ಹೇಳಿದೆ, "ನಾಳೆ ಪಾಲಿಕೆ ಆಫೀಸಿಗೆ ಹೋಗಿ ಮುಂದಿನ ಕೋಣೆ ಅಂಗಡಿ ಅಂತ ಬರೆಸಿ ಬರ್ತೀನಿ."

"ಹುಚ್ಚು ಹಿಡಿದೈತಾ ನಿಂಗೆ? ಅಷ್ಟು ಜನರ ಮುಂದೆ ಇಲ್ಲ ಅಂದಿದ್ದೀನಿ. ನನ್ನ ಮರ್ಯಾದೆ ಏನಾಗ್ಬೇಕು?"

"ಕಂದಾಯ ಜಾಸ್ತಿಯಾಗುತ್ತೆ ಅಂತಾನಾ ನೀವು ಇಲ್ಲ ಅಂದಿದ್ದು?"

ಅವರು ಗೋಡೆ ನೋಡಿಕೊಂಡು, "ಅಂಗಡಿ ಐತೆ ಅಂದಿದ್ರೆ, ಇವ್ನು ಹೆಂಡ್ತಿ ದುಡಿಮೇಲಿ ಕೂತು ತಿಂತಾನೆ ಅಂತಿದ್ರು ಕಣೇ" ಎಂದರು. ಮದುವೆಯಾದಂದಿನಿಂದ ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ. ಅವರ ಮೇಲೆ ಸಿಟ್ಟೂ ಬಂತು, ಆ ಮಾತು ಅವರ ಬಾಯಿಂದಲೇ ಬರುವಂತೆ ಮಾಡಿದೆನಲ್ಲ ಎಂದು ನಾಚಿಕೆಯೂ ಆಯಿತು.

ಆದರೂ ಹೋದೆ. ಕಿಟಕಿಯ ಹಿಂದಿದ್ದ ಗುಮಾಸ್ತ ನಾನು ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿ, ಪಕ್ಕದವರ ಕಡೆ ತಿರುಗಿ, "ನೋಡ್ರೀ ಇಲ್ಲಿ, ಎಲ್ರೂ ಕಮ್ಮಿ ಮಾಡಿ ಅಂತ ಬರ್ತಾರೆ, ಇವ್ರು ಜಾಸ್ತಿ ಮಾಡಿ ಅಂತ ಬಂದವ್ರೆ" ಎಂದು ನಕ್ಕ. ಸಭೆಗೆ ಬಂದಿದ್ದ ಅಧಿಕಾರಿ ಅಲ್ಲಿಯೇ ಇದ್ದರು. ಅವರ ಮುಂದೆ ತಲೆತಗ್ಗಿಸಿ, "ಅವತ್ತು ಸುಳ್ಳು ಹೇಳಿದ್ದೆ ಸಾರ್" ಎಂದೆ. "ಯಾವತ್ತು?" ಎಂದರು. ಅವರಿಗೆ ನೆನಪೇ ಇರಲಿಲ್ಲ.

ಸ್ವಲ್ಪ ದಿನಕ್ಕೆ ಅಳೆಯುವವರು ಬಂದರು. ನನ್ನ ಕೋಣೆ ಅಳೆದು ಸುಮ್ಮನೆ ಹೋಗಲಿಲ್ಲ. ಪಕ್ಕದ ಮನೆಯ ಬ್ಯಾಂಕಿನವರು ಮಹಡಿಯ ಮೇಲೆ ಹುಡುಗರಿಗೆ ಪಿ.ಜಿ. ಮಾಡಿಕೊಟ್ಟಿದ್ದರು, ಅದನ್ನೂ ನೋಡಿದರು. ಎದುರು ಮನೆಯ ಗ್ಯಾರೇಜಿನಲ್ಲಿದ್ದ ಪಾರ್ಲರನ್ನೂ ನೋಡಿದರು. ಬೀದಿಗೆ ಬೀದಿಯೇ ನನ್ನ ಮೇಲೆ ಮುನಿಸಿಕೊಂಡಿತು. ಬ್ಯಾಂಕಿನವರ ಹೆಂಡತಿ ಹೊಲಿಯಲು ಕೊಟ್ಟ ಬಟ್ಟೆಯನ್ನು ಹೊಲಿಸದೆಯೇ ವಾಪಸ್ಸು ಒಯ್ದರು. ಯಜಮಾನರು ಸಂಘ ಬಿಟ್ಟರು. ಬೋರ್ಡನ್ನು ಮತ್ತೆ ಮೊಳೆ ಹೊಡೆದು ತೂಗುಹಾಕಿದವರು ಅವರೇ. ಆದರೆ ನಾನು ಅಂಗಡಿಯಲ್ಲಿದ್ದಾಗ ಮುಂಬಾಗಿಲಿಂದ ಓಡಾಡುವುದನ್ನು ನಿಲ್ಲಿಸಿದರು. ಮಿತಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಇನ್ನೊಂದು ಸಭೆ ಮಾಡುತ್ತಾರಂತೆ.

ನನ್ನ ಜೊತೆ ಕೆಲಸಕ್ಕಿದ್ದವಳ ಮಗಳ ಮದುವೆ ಹೆಸರಘಟ್ಟದ ಕಡೆ ಒಂದು ಛತ್ರದಲ್ಲಾಯಿತು. ಲಗ್ನಪತ್ರಿಕೆಯನ್ನು ಮಗಳ ಕೈಯಲ್ಲಿ ಕಳಿಸಿದ್ದಳು. ಒಬ್ಬಳೇ ಹೋದೆ. ಧಾರೆಯ ರವಿಕೆಯನ್ನು ಬೇರೆ ಯಾರೋ ಹೊಲಿದಿದ್ದರು. ತೋಳು ಬಿಗಿಯಾಗಿ ಹುಡುಗಿ ಕೈ ಎತ್ತಲು ಕಷ್ಟಪಡುತ್ತಿದ್ದಳು. ಅಕ್ಷತೆ ಹಾಕಿ ಇಳಿಯುವಾಗ ಬೀಗಿತ್ತಿ ನನ್ನನ್ನು ನೋಡಿ, "ಇವ್ರು ಯಾರು?" ಎಂದು ಕೇಳಿದರು.

"ಗುರ್ತಿನೋರು, ಅಷ್ಟೇ" ಎಂದಳು ಅವಳು. "ಊಟ ಮಾಡ್ಕೊಂಡ್ ಓಗಿ" ಎಂದು ನನಗೆ ಹೇಳಿ ಮುಂದಿನವರ ಕಡೆ ತಿರುಗಿದಳು. ನಾನು ಪಂಕ್ತಿಯ ಕೊನೆಯಲ್ಲಿ ಕೂತು ಉಂಡು ಬಂದೆ.