ಎಕ್‌ಹಾರ್ಟ್ ಕೇಳಿಕೊಂಡದ್ದು

ಎಕ್‌ಹಾರ್ಟ್ ಬ್ರಾಕ್ಮನ್ ಮೂವತ್ತಾರು ವರ್ಷ ಸೂರಿಗೆ ಹೆಂಚು ಹೊದಿಸಿದ ಮೇಸ್ತ್ರಿ. ವೇಸರ್ ನದಿ ದಂಡೆಯ ಆ ಊರಲ್ಲಿ ಅವನ ಗಂಟಲು ಕೇಳದವರಿಲ್ಲ. "ಹಿಡಿ ಹಗ್ಗ! ಎಸಿ ಮೊಳೆ! ಬಗ್ಗು!" ಸೂರಿನ ಮೇಲೆ ನಿಂತವನು ಹಾಗೇ ಮಾತಾಡಬೇಕು, ಇಲ್ಲದಿದ್ದರೆ ಹೆಣ ಬೀಳುತ್ತದೆ. ಕೆಳಗಿಳಿದರೆ ಜರ್ಮನ್ನರ ರೀತಿಯೇ ಬೇರೆ. ಅಪ್ಪಣೆಯಲ್ಲಿ ವಾಕ್ಯದ ಮುಂದೆ ನುಗ್ಗುವ ಕ್ರಿಯಾಪದ, ವಿನಂತಿಯಲ್ಲಿ ವಾಕ್ಯದ ತುದಿಗೆ ಹೋಗಿ ಕೈಕಟ್ಟಿ ನಿಲ್ಲಬೇಕು. ಈ ವಿದ್ಯೆ ಅವನಿಗೆ ಒಲಿಯಲೇ ಇಲ್ಲ. ಕೇಳಿಕೊಳ್ಳುವುದೆಲ್ಲ ಹೆಂಡತಿ ಹೈಡ್ರುನ್ ಪಾಲಿಗೆ. "ನೀನು ಬಾಯಿ ಬಿಟ್ರೆ ಬ್ರೆಡ್ ಮಾರೋಳೂ ಏಣಿ ಹತ್ತಿಬಿಡ್ತಾಳೆ, ಸುಮ್ನಿರು ಮಾರಾಯ" ಎಂದು ಅವನನ್ನು ಅಂಗಡಿ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು.

ಹೋದ ವರ್ಷ ಅವಳು ತೀರಿಕೊಂಡಳು. ಈ ವಸಂತದಲ್ಲಿ ಮಗಳು ಇಮ್ಕೆಯ ಗೋರಿಕಲ್ಲಿನ ಮೇಲೆ ಹಳದಿ ಚೀಟಿ ಅಂಟಿತ್ತು: ಅವಧಿ ಮುಗಿದಿದೆ, ಆರು ವಾರದೊಳಗೆ ಸ್ಮಶಾನದ ಕಚೇರಿಗೆ ಬನ್ನಿ. ಅಲ್ಲಿ ಸತ್ತವರಿಗೂ ನೆಲ ಇಂತಿಷ್ಟು ವರ್ಷ ಎಂದೇ ಸಿಗುವುದು. ಹೋಗಿ ಕೇಳಿಕೊಂಡರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಕಲ್ಲು ಕಿತ್ತು ಹುಲ್ಲು ಬಿತ್ತುತ್ತಾರೆ. ಇಮ್ಕೆ ಬದುಕಿದ್ದು ಹನ್ನೊಂದೇ ದಿನ. ಅವಳದೆಂದು ಭೂಮಿಯ ಮೇಲೆ ಉಳಿದದ್ದು ಆ ಕಲ್ಲೊಂದೇ.

ಒರಟಾಗಿ ಕೇಳಿ ಇಲ್ಲ ಅನ್ನಿಸಿಕೊಂಡರೆ? ಆ ಹೆದರಿಕೆ ಅವನ ಕಾಲು ಕಟ್ಟಿಹಾಕಿತು. ಗಡ್ಡ ಹೆರೆಯುವಾಗ, ಆಲೂಗಡ್ಡೆ ಸುಲಿಯುವಾಗ, ಹಾಸಿಗೆಯಲ್ಲಿ ಹೊರಳುವಾಗ ಕಚೇರಿಯಲ್ಲಿ ಕೇಳಬೇಕಾದ ಆ ಒಂದು ವಾಕ್ಯ ಒಪ್ಪಿಸುವುದು, ತಪ್ಪುವುದು, ಮತ್ತೆ ಮೊದಲಿಂದ. ನಾಳೆ ಹೋಗುತ್ತೇನೆ, ನಾಳೆ ಸರಿಯಾಗಿ ಬರುತ್ತದೆ. ಎಷ್ಟು ನಾಳೆಗಳಾದವೆಂದು ಎಣಿಸಲಿಲ್ಲ, ಪಾಪಿ.

ಒಂದು ಸೋಮವಾರ ಕೋಟು ಹಾಕಿ ಹೊರಟ. ಮೇಜಿನ ಹಿಂದೆ ಗುಮಾಸ್ತೆ ಶ್ರೀಮತಿ ತೀಮನ್.

"ತಾವು, ತೊಂದರೆಯಾಗದಿದ್ದರೆ, ನನ್ನ ಮಗಳ ಗೋರಿಯನ್ನ, ಇನ್ನೂ ಹತ್ತು ವರ್ಷ, ಅದು ಇರೋ ಕಡೆಯೇ..."

ಕೊನೆಯ ಪದಕ್ಕೆ ತಡಕಾಡಿದ. ಆಕೆ ಕಾದಳು. ಕೊನೆಯ ಮಾತು ಬೀಳುವ ತನಕ ನಡುವೆ ಬಾಯಿ ಹಾಕುವುದು ಅಲ್ಲಿ ಮರ್ಯಾದೆಯಲ್ಲ.

"...ಬಿಡಬಹುದೇ?"

ಒಂದೂ ತಪ್ಪಿರಲಿಲ್ಲ. ಆಕೆ ಪಟ್ಟಿಯ ಮೇಲೆ ಬೆರಳಾಡಿಸಿದಳು, ಬೆರಳು ನಿಂತಿತು.

"ಎಷ್ಟು ಚೆನ್ನಾಗಿ ಕೇಳಿದ್ರಿ, ಬ್ರಾಕ್ಮನ್ ಅವರೇ. ಆದ್ರೆ ವಾಯಿದೆ ಶುಕ್ರವಾರಕ್ಕೇ ಮುಗೀತು. ಇವತ್ತು ಬೆಳಿಗ್ಗೆ ಕಲ್ಲು ಕಿತ್ರು." ಆಕೆಯ ದನಿ ಕುಗ್ಗಿತು. "ಬೈಕೊಂಡಾದ್ರೂ ಮೊದಲೇ ಬರಬಾರ್ದಿತ್ತಾ?"

ಅವನು ಕಚೇರಿಯ ಹಿತ್ತಲಿಗೆ ಓಡಿದ. ಒಡೆದ ಕಲ್ಲುಗಳ ಗಾಡಿ ಹೊರಡುವುದರಲ್ಲಿತ್ತು. ಮೇಲುಗಡೆಯೇ ಇಮ್ಕೆಯ ಕಲ್ಲು, ಅಡ್ಡಡ್ಡ ಎರಡು ತುಂಡಾಗಿ. ಎಕ್‌ಹಾರ್ಟ್ ಗಾಡಿಯ ಪಕ್ಕದ ಹಲಗೆ ಹಿಡಿದು ಜೋತುಬಿದ್ದ.

"ಯಜಮಾನ್ರೇ, ಕೈ ಬಿಡಿ, ಗಾಯ ಆಗತ್ತೆ!" ಗಾಡಿಯವನು ಇಳಿದು ಬಂದ. "ಏನ್ ಬೇಕಿತ್ತು ಹೇಳಿ?"

"ಕೊಡು," ಎಂದ ಎಕ್‌ಹಾರ್ಟ್. "ಕೊಡು ನನ್ನ ಮಗೂನ."