ಬೀಡಿ ಚಾವಡಿಯ ಉಲ್ಟಾ ಫ್ಯಾನು

ಕುಂಬ್ರದ ಶೀಲಾವತಿಗೆ ಬೇಕಾಗಿದ್ದದ್ದು ಲೋಕದಲ್ಲಿಲ್ಲದ ಫ್ಯಾನು. ಬೆವರು ಆರಬೇಕು, ಹೊಗೆಸೊಪ್ಪಿನ ಪುಡಿ ಹಾರಬಾರದು.

ಮದುವೆಯಾಗಿ ಬಂದ ಲಾಗಾಯ್ತು ಅವಳು ಮನೆಯ ಮುಂದಿನ ಚಾವಡಿಯ ಗೋಡೆಗೆ ಬೆನ್ನು ಕೊಟ್ಟು, ಎಲೆ, ಪುಡಿ ಹರವಿದ ಮೊರದಂಥ ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿದವಳು. ಎದುರು ಗೋಡೆಗೆ ನೆರೆಮನೆಯ ಪಾತುಮ್ಮ. ಇಬ್ಬರ ಕೈಯ ಕತ್ತರಿಗಿಂತ ಬಾಯಿ ಹರಿತ. ಊರಿನ ಯಾವ ಸುದ್ದಿಯೂ ಇವರ ತಡ್ಪೆಗೆ ಬೀಳದೆ ಮುಂದೆ ಹೋದದ್ದಿಲ್ಲ. ಆದರೆ ಹಂಚು ತೆಗೆದು ಸ್ಲ್ಯಾಬ್ ಹಾಕಿಸಿದ ಮೇಲೆ ಚಾವಡಿ ಕಾದ ಕಾವಲಿಯಾಯಿತು. ಈ ಸಲದ ಏಪ್ರಿಲಿನಲ್ಲಿ ಪಾತುಮ್ಮ ಹೇಳಿಯೇ ಬಿಟ್ಟಳು.

"ಶೀಲಕ್ಕ, ನಾನಿನ್ನು ಬರುದಿಲ್ಲ. ನಮ್ಮ ಹಲಸಿನ ಮರದಡಿ ಕೂರ್ತೇನೆ. ಇಲ್ಲಿ ಬೀಡಿ ಹಚ್ಚಲಿಕ್ಕೆ ಬೆಂಕಿಯೇ ಬೇಡ."

"ಅಲ್ಲಿ ಯಾರ ಹತ್ರ ಮಾತಾಡುದು? ಇರುವೆಗಳ ಹತ್ರವಾ?"

"ಇರುವೆ ಎದುರು ಮಾತಾಡುದಿಲ್ಲ. ಅದೂ ಒಂದು ಸುಖವೇ!"

ತಮಾಷೆಯೇನೋ ಹೌದು, ಆದರೆ ಶೀಲಾವತಿಯ ಕೈಯ ನೂಲು ತುಂಡಾಯಿತು. ಪಾತುಮ್ಮನಿಲ್ಲದ ಚಾವಡಿಯೆಂದರೆ ಉಪ್ಪಿಲ್ಲದ ಗಂಜಿ.

ಫ್ಯಾನು ತಾನೇ ಹಾಕುತ್ತೇನೆಂದು ಅವಳ ಗಂಡ ಡೊಂಬಯ್ಯ ಎದ್ದು ನಿಂತ. ಹಿಂದೊಮ್ಮೆ ಲೈನ್‌ಮ್ಯಾನ್ ಕಂಬ ಹತ್ತಿದಾಗ ಕೆಳಗೆ ಏಣಿ ಹಿಡಿದವನು ಆತ. ಅಂದಿನಿಂದ ಕರೆಂಟಿನ ವಿಷಯದಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳುವುದನ್ನು ಬಿಟ್ಟಿದ್ದ.

ಪೇಟೆಯಲ್ಲಿ ಅಂಗಡಿಯ ಮಮ್ಮು ನಾಲ್ಕಡಿಯ ಫ್ಯಾನು ತೋರಿಸಿದ. "ನಿಮ್ಮ ಚಾವಡಿಗೆ ಇದೇ ಸರಿ. ಸಣ್ಣದಾದ್ರೆ ಗೋಡೆಯವರೆಗೆ ಗಾಳಿ ಎತ್ತುದಿಲ್ಲ."

"ಗೋಡೆಗೆ ಗಾಳಿ ಮುಟ್ಟಬೇಕು, ಆದ್ರೆ ಪುಡಿ ಹಾರಬಾರದು" ಎಂದಳು ಶೀಲಾವತಿ.

"ಅಂಥದ್ದು ಯಾವ ಕಂಪನಿಯೂ ಮಾಡ್ಲಿಲ್ಲ ಶೀಲಕ್ಕ. ಬೀಡಿ ಕಟ್ಟುವ ಮನೆಯಲ್ಲಿ ಫ್ಯಾನು ಇರುದು ನೆಂಟರಿಗೆ."

"ಫ್ಯಾನಿನಲ್ಲಿ ಎಂತ ಉಂಟು ಮಾರಾಯ?" ಎಂದ ಡೊಂಬಯ್ಯ, ಗಂಟಲು ಸರಿಮಾಡಿಕೊಂಡು. "ಸಂಗತಿ ಇರುದು ಫಿಟ್ಟಿಂಗಿನಲ್ಲಿ."

ಮೈನ್ ಸ್ವಿಚ್ ಆಫ್ ಮಾಡಿ, ಸ್ಲ್ಯಾಬಿನ ಕೊಕ್ಕೆಗೆ ರಾಡು ಸಿಕ್ಕಿಸಿ, ಬೋಲ್ಟಿಗೆ ಪಿನ್ನು ಹಾಕಿ, ರೆಕ್ಕೆ ಬಿಗಿದ. ಅಷ್ಟನ್ನೂ ಸರಿಯಾಗಿಯೇ ಮಾಡಿದ. ಕಂಡೆನ್ಸರಿನ ವಯರುಗಳ ಸರದಿ ಬಂದಾಗ ಮಾತ್ರ, ಡಬ್ಬಿಯೊಳಗಿನ ಚಿತ್ರದ ಕಾಗದವನ್ನು "ಇದು ಕಲಿಯುವವರಿಗೆ" ಎಂದು ಬದಿಗಿಟ್ಟ.

ಸ್ವಿಚ್ ಹಾಕಿದ್ದಾಯಿತು. ಫ್ಯಾನು ಜೋರಾಗಿ ತಿರುಗಿತು. ಡೊಂಬಯ್ಯ ಪ್ರಸಾದಕ್ಕೆ ನಿಂತವನಂತೆ ಅದರಡಿ ಮುಖವೆತ್ತಿ ನಿಂತ. ತಲೆಯ ಒಂದು ಕೂದಲೂ ಅಲುಗಲಿಲ್ಲ.

ನೋಡಲು ಬಂದ ಪಾತುಮ್ಮ ಬಾಗಿಲಲ್ಲೇ ನಕ್ಕಳು. "ಡೊಂಬಯ್ಯಣ್ಣ, ಇದು ಗಾಳಿ ಕೊಡುದಲ್ಲ, ತಕೊಳ್ಳುದು! ಉಲ್ಟಾ ತಿರುಗ್ತಾ ಉಂಟು!"

ಶೀಲಾವತಿ ಹೋಗಿ ತನ್ನ ಗೋಡೆಗೆ ಒರಗಿ ಕೂತು ತಡ್ಪೆ ಎಳೆದುಕೊಂಡಳು. ಕಣ್ಣಲ್ಲಿ ಹನಿ ಇತ್ತೋ ಬೆವರೋ, ಆಗ ಹೇಳುವುದು ಕಷ್ಟ. ಅಷ್ಟರಲ್ಲಿ ಕತ್ತಿನ ಹಿಂದೆ ತಣ್ಣಗೆ ಏನೋ ಸುಳಿಯಿತು. ಮೇಲೇರಿದ ಗಾಳಿ ಸ್ಲ್ಯಾಬಿಗೆ ತಾಗಿ, ಗೋಡೆ ಹಿಡಿದು ಮೆಲ್ಲಗೆ ಇಳಿಯುತ್ತಿತ್ತು. ತಡ್ಪೆ ನೋಡಿದಳು. ಪುಡಿ ಇದ್ದಲ್ಲೇ ಇತ್ತು.

ಡೊಂಬಯ್ಯ ಮುಖ ಕೆಂಪಗೆ ಮಾಡಿಕೊಂಡು ಸ್ವಿಚ್ಚಿನತ್ತ ಹೊರಟಿದ್ದ.

"ನಿಲ್ಲಿ ಮಾರಾಯ್ರೆ! ಆ ವಯರು ಮುಟ್ಟಿದ್ರೆ ನಿಮಗಿವತ್ತು ಊಟ ಇಲ್ಲ. ಪಾತುಮ್ಮ, ನಿನ್ನ ಗೋಡೆಗೆ ಕೂತು ನೋಡು."

ಪಾತುಮ್ಮ ಕೂತಳು. ಚಿಟಿಕೆ ಪುಡಿ ಅಂಗೈಗೆ ಹಾಕಿ ಕೈಚಾಚಿದಳು. ತಲೆವಸ್ತ್ರದ ಅಂಚು ಅಲುಗಿತು, ಪುಡಿ ಅಲುಗಲಿಲ್ಲ.

"ಅಲ್ಲಾ! ಇದು ಬೆನ್ನು ಹುಡುಕಿಕೊಂಡು ಬರ್ತದಲ್ಲ!"

"ಹಾಗಾದ್ರೆ ಹಲಸಿನ ಮರ?"

"ಅದು ಇರುವೆಗಳಿಗೇ ಇರಲಿ."

"ನಾನು ಅಂಗಡಿಯಲ್ಲೇ ಹೇಳಿದ್ದೆ" ಎಂದ ಡೊಂಬಯ್ಯ, ಮೀಸೆ ನೀವುತ್ತ. "ಸಂಗತಿ ಫಿಟ್ಟಿಂಗಿನಲ್ಲಿ."

ವಾರದೊಳಗೆ ಸುದ್ದಿ ಕುಂಬ್ರದ ಬೀಡಿ ಮನೆಗಳನ್ನೆಲ್ಲ ಸುತ್ತಿತು. ಪೇಟೆಯಲ್ಲಿ ಮಮ್ಮುವೇ ಎದ್ದು ಡೊಂಬಯ್ಯನಿಗೆ ಕುರ್ಚಿ ಕೊಟ್ಟ. ಎಲ್ಲರಿಗೂ ಡೊಂಬಯ್ಯಣ್ಣನ ಫಿಟ್ಟಿಂಗೇ ಬೇಕು. ಆತ ಗಂಭೀರವಾಗಿ ಎಲ್ಲರಿಗೂ ಆಗಲಿ ಎಂದು ಮನೆಗೆ ಬಂದು, ಹೆಂಡತಿಯ ಪಕ್ಕ ಕೂತು ದನಿ ತಗ್ಗಿಸಿದ.

"ಅಲ್ಲ, ಆ ದಿನ ನಾನು ಕೆಂಪು ವಯರು ಎಲ್ಲಿಗೆ ಕೊಟ್ಟದ್ದು, ನೀನು ನೋಡಿದ್ದೀಯಾ?"

ದನಿ ಎದುರು ಗೋಡೆಗೂ ಕೇಳಿಸಿತು. ಫ್ಯಾನಿಗೆ ಹಾರದ ಪುಡಿ ಇಬ್ಬರು ಹೆಂಗಸರ ನಗೆಗೆ ಹಾರಿತು.