ಗಿಳಿಹಸಿರು ಹತ್ತಿ

ನಿವೃತ್ತಿಯಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ. ನಾನು ಶಿರಸಿಯ ಒಂದು ಬೆಳ್ಳಿ ಅಂಗಡಿಯ ಹಿಂದಿನ ಕೋಣೆಗೆ ಹೋದೆ. ಊರೆಲ್ಲ ಶೇಟ್ರು ಎಂದು ಕರೆಯುವ ಅಂಗಡಿಯ ಯಜಮಾನರು ಅಲ್ಲಿ ಬೆಳ್ಳಿಯ ಮೇಲೆ ಗಾಜಿನ ಪುಡಿ ಕೂರಿಸಿ ಸುಡುವ ಮೀನಾ ಕೆಲಸ ಮಾಡುತ್ತಿದ್ದರು. ವಯಸ್ಸಾಗಿ ಅವರ ಕೈ ನಡುಗತೊಡಗಿತ್ತು. ನನ್ನದು ನಡುಗುತ್ತಿರಲಿಲ್ಲ. ಸಿದ್ದಾಪುರದ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದ ಕೈ ಅದು. ಬಣ್ಣ ಗೆರೆ ದಾಟಿದರೆ ಮಕ್ಕಳ ಹಾಳೆಯನ್ನು ಹರಿದು ಹೊಸ ಹಾಳೆ ಕೊಡುತ್ತಿದ್ದೆ. ಅದನ್ನು ಶಿಸ್ತು ಎಂದುಕೊಂಡಿದ್ದೆ.

ಮೀನಾ ಕೆಲಸ ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಗಾಜಿನ ಪುಡಿಯನ್ನು ನೀರು ಹಾಕಿ ಅರೆಯಬೇಕು, ಮೇಲೆ ಬಂದ ಬಿಳಿ ನೀರನ್ನು ಚೆಲ್ಲಬೇಕು, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಬಾವಿಯ ನೀರಿನಲ್ಲಿ ಚಿರೆಕಲ್ಲಿನ ಕೆಂಪು ಇರುತ್ತದೆಂದು ಶೇಟ್ರು ಮಳೆನೀರನ್ನು ಭರಣಿಯಲ್ಲಿ ಹಿಡಿದಿಡುತ್ತಿದ್ದರು. ತೊಳೆದ ಪುಡಿಯನ್ನು ಕುಂಚದ ತುದಿಯಲ್ಲಿ ಎತ್ತಿ ಬೆಳ್ಳಿಯಲ್ಲಿ ಕೊರೆದ ಗುಳಿಗೆ ತುಂಬಿ, ಒಣಗಿಸಿ, ಕಾದ ಕುಲುಮೆಯಲ್ಲಿ ಎರಡು ನಿಮಿಷ ಇಟ್ಟರೆ ಕರಗಿ ಗಾಜಾಗುತ್ತದೆ. ಕುಲುಮೆ ಕರೆಂಟಿನದು. ಆದ್ದರಿಂದ ಎರಡು ನಿಮಿಷದ ಕೆಲಸಕ್ಕೆ ಕೆಲವೊಮ್ಮೆ ಎರಡು ದಿನ ಹಿಡಿಯುತ್ತಿತ್ತು.

ಆ ಕೋಣೆಯಲ್ಲಿ ನನಗೆ ಸೇರದ್ದೆಂದರೆ ಮೂಲೆಯ ತಗಡಿನ ಡಬ್ಬಿ. ಬೆಳ್ಳಿ ಕೆಲಸದವರು ಕಸ ಎಸೆಯುವುದಿಲ್ಲ. ಗುಡಿಸಿದ ಧೂಳು, ಅರ ಉಜ್ಜಿದ ಪುಡಿ, ಕೈ ಒರೆಸಿದ ಬಟ್ಟೆ, ಹತ್ತಿ, ಬೆಳ್ಳಿಯನ್ನು ಮುಟ್ಟಿದ್ದೆಲ್ಲ ಡಬ್ಬಿಗೆ. ಕಸ ಕೊಳ್ಳುವವನು ಯಾವಾಗಲೋ ಬಂದು ಒಯ್ದು, ಸುಟ್ಟು, ತೊಳೆದು, ಅದರೊಳಗಿನ ಬೆಳ್ಳಿ ತೆಗೆಯುತ್ತಾನೆ. ನಾನು ಸೇರಿದ ಮೇಲೆ ಅವನು ಬಂದದ್ದನ್ನು ಕಂಡಿಲ್ಲ.

"ಶೇಟ್ರೇ, ಈ ಕಸ ಆಚೆ ಹಾಕ್ಲಾ?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದೆ.

"ಅದು ಕಸ ಅಲ್ಲ ಅಕ್ಕೋರೇ."

"ಮತ್ತೆಂತ?"

"ಅದೂ ಅಂಗಡಿಯೇ," ಎಂದು ಅವರು ಕೆಲಸಕ್ಕೆ ಬಗ್ಗುತ್ತಿದ್ದರು.

ಒಂದು ದಿನ ಯಲ್ಲಾಪುರದಿಂದ ಒಬ್ಬ ಹೆಂಗಸು ಬಂದರು. ಬಟ್ಟೆ ಹೊಲಿಯುವವರು, ಐವತ್ತರ ಹತ್ತಿರದ ವಯಸ್ಸು. ಕರವಸ್ತ್ರ ಬಿಚ್ಚಿ ಒಂದು ಬೆಳ್ಳಿಯ ಪದಕ ಇಟ್ಟರು. ದುಂಡಗಿನ ಹೂವು, ಒಂದೇ ಅಳತೆಯ ಎಂಟು ಎಸಳು, ಎಸಳುಗಳಲ್ಲಿ ಕಡುಹಸಿರು ಮೀನಾ. ಒಂದು ಎಸಳಿನಲ್ಲಿ ಗಾಜು ಸಿಡಿದು ಬೆಳ್ಳಿ ಕಾಣುತ್ತಿತ್ತು.

"ಅಮ್ಮಿದು ರೀ. ಅಮ್ಮಿ ಹೋದ ಮ್ಯಾಲೆ ಕಪಾಟು ಖಾಲಿ ಮಾಡಾಕ ಹೋಗಿ ನನ್ನ ಕೈಯಿಂದಾನ ಬಿತ್ತು," ಎಂದರು. "ಅಮ್ಮಿ ಹಾಕ್ಕೊತಿದ್ದಾಗ ಹೆಂಗಿತ್ತೋ ಹಂಗ ಮಾಡಿಕೊಡ್ರಿ. ಮಗಳ ನಿಕಾಹದಾಗ ನಾ ಹಾಕ್ಕೊಬೇಕು. ಅಮ್ಮಿ ನೋಡಾಕಂತೂ ಇಲ್ಲ."

"ಹೊಸದರ ಹಾಗೆ ಮಾಡಿಕೊಡ್ತೇನೆ," ಎಂದೆ. ಅವರು ಕೇಳಿದ್ದು ಅದನ್ನಲ್ಲ ಎಂದು ನನಗೆ ಹೊಳೆಯಲಿಲ್ಲ.

ಅವರು ಹೋದ ಮೇಲೆ ಪದಕವನ್ನು ಭೂತಗನ್ನಡಿಯಲ್ಲಿ ನೋಡಿದೆ. ಪಕ್ಕದ ಎಸಳಿನಲ್ಲೂ ಹಳೆಯ ಗಾಯವೊಂದಿತ್ತು. ಅದರ ಮೇಲೆ ಯಾರೋ ಗಿಳಿಹಸಿರು ನೇಲ್ ಪಾಲಿಶ್ ಮೆತ್ತಿದ್ದರು. ಮೆತ್ತಿದ್ದೂ ಸರಿಯಾಗಿಲ್ಲ, ಅಂಚು ದಾಟಿ ಬೆಳ್ಳಿಯ ಮೇಲೆ ಹರಿದಿತ್ತು. ನನಗೆ ಮೈಯೆಲ್ಲ ಉರಿಯಿತು. ಹತ್ತಿಗೆ ಪಾಲಿಶ್ ತೆಗೆಯುವ ದ್ರಾವಣ ಹಾಕಿ ಒರೆಸಿದೆ, ಮೂರೇ ಸಲಕ್ಕೆ ಹೋಯಿತು. ಹತ್ತಿಯನ್ನು ಕಿಟಕಿಯಾಚೆ ಎಸೆಯಲು ಕೈ ಎತ್ತಿದಾಗ ಶೇಟ್ರು ತಲೆ ಎತ್ತದೆ "ಡಬ್ಬಿಗೆ" ಎಂದರು. ಹಾಕಿದೆ. ಮುಚ್ಚಳವನ್ನು ಅವರಿಗೆ ಕೇಳುವಂತೆ ಮುಚ್ಚಿದೆ.

ನೇಲ್ ಪಾಲಿಶ್ ಕುಲುಮೆಯಲ್ಲಿ ಹೇಗೂ ಸುಟ್ಟುಹೋಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮಾತು ನಿಜ. ಒರೆಸುವ ಮೊದಲು ಒಂದು ಫೋನ್ ಮಾಡಬಹುದಿತ್ತು ಎನ್ನುವುದೂ ಅಷ್ಟೇ ನಿಜ.

ಹಳೆಯ ಹಸಿರಿಗೆ ಹೊಸ ಹಸಿರು ಹೊಂದಿಸಲು ಬೆಳ್ಳಿಯ ಚೂರುಗಳ ಮೇಲೆ ನಾಲ್ಕು ಬಣ್ಣ ಸುಟ್ಟು ನೋಡಿದೆ. ನಾಲ್ಕನೆಯದು ಕೂಡಿತು. ಹಳೆಯ ಗಾಜು ಮತ್ತೆ ಬೆಂಕಿ ಕಂಡರೆ ಬಿರಿಯುವ ಭಯವಿದ್ದೇ ಇದೆ. ಬಿರಿಯಲಿಲ್ಲ. ತಣಿದ ಮೇಲೆ ಉಬ್ಬಿದ್ದನ್ನು ನೀರಿನಲ್ಲಿ ಉಜ್ಜಿ ಸಮ ಮಾಡಿ ಇನ್ನೊಮ್ಮೆ ಸುಟ್ಟೆ. ಶೇಟ್ರು ಪದಕವನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾವುದು ಹೊಸದು ಗೊತ್ತಾಗೂದಿಲ್ಲ" ಎಂದರು. ಅವರು ಅದಕ್ಕಿಂತ ದೊಡ್ಡ ಮೆಚ್ಚುಗೆ ಯಾರಿಗೂ ಹೇಳಿದವರಲ್ಲ. ನಾನು ಪೇಟೆಗೆ ಹೋಗಿ ಕೆಂಪು ಮಖಮಲ್ಲಿನ ಪೆಟ್ಟಿಗೆ ತಂದು ಪದಕವನ್ನು ಅದರಲ್ಲಿ ಕೂರಿಸಿದೆ.

ಮುಂದಿನ ವಾರ ಯಲ್ಲಾಪುರದ ಹೆಂಗಸು ಬಂದರು. ಪೆಟ್ಟಿಗೆ ತೆರೆದು "ಚೊಲೋ ಆಗೇತ್ರಿ" ಎಂದರು. ಆಮೇಲೆ ಪದಕವನ್ನು ಬೆಳಕಿಗೆ ಹಿಡಿದು ಏನೋ ಹುಡುಕಿದರು.

"ಇಲ್ಲೊಂದು ಬ್ಯಾರೆ ಹಸಿರು ಇತ್ತಲ್ರಿ?"

"ಅದು ನೇಲ್ ಪಾಲಿಶ್. ತೆಗೆದು ಅಲ್ಲೂ ಗಾಜೇ ತುಂಬಿದ್ದೇನೆ," ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಅವರು ಸ್ಟೂಲಿನ ಮೇಲೆ ಕುಳಿತರು.

"ನಂದು ರೀ ಆ ಪಾಲಿಶ್. ಕಾಲೇಜಿಗೆ ಹೋಗುವಾಗ ತಗೊಂಡಿದ್ದೆ. ಒಂದ್ ಮದುವಿಗೆ ಹೊಂಟಾಗ ಅಮ್ಮಿ ಅದನ್ನ ತಗೊಂಡು ಇದಕ್ಕ ಹಚ್ಚಿಬಿಟ್ಲು. ಗಿಳಿ ಬಣ್ಣ ಆತು, ಮಂದಿ ನಗ್ತಾರ ಅಂತ ಬೈದೆ. ಆಕಿ ಇದನ್ನ ಹಾಕ್ಕೊಂಡೇ ಬಂದ್ಲು. ಆಮ್ಯಾಲೆ ಎಲ್ಲಾ ಮದುವಿಗೂ ಹಂಗ."

ಅಳಲಿಲ್ಲ, ಬೈಯಲಿಲ್ಲ. ಪದಕವನ್ನು ನನ್ನ ಕೈಗೆ ಕೊಟ್ಟು, "ಅದು ಇದ್ದ ಜಾಗಾರ ತೋರಸ್ರಿ" ಎಂದರು.

ದೀಪದ ಕೆಳಗೆ ಹಿಡಿದೆ, ಭೂತಗನ್ನಡಿ ಇಟ್ಟೆ. ಎಂಟು ಎಸಳೂ ಒಂದೇ ಹಸಿರು. ನನಗೂ ಗೊತ್ತಾಗಲಿಲ್ಲ. ಮೂವತ್ತು ವರ್ಷ ಹರಿದ ಹಾಳೆಗಳು ನೆನಪಾದವು, ಅವುಗಳಲ್ಲಿ ಒಂದನ್ನಾದರೂ ಮಕ್ಕಳಿಗೆ ಮರಳಿ ಕೊಟ್ಟಿರಲಿಲ್ಲ.

ಶೇಟ್ರು ಎದ್ದು ಮೂಲೆಯ ಡಬ್ಬಿ ತಂದರು. ನೆಲಕ್ಕೆ ಪೇಪರು ಹಾಸಿ ಸುರುವಿದರು. ಆ ಕಸಕ್ಕೆ ನಾನು ಕೈ ಹಾಕಿದ್ದು ಅದೇ ಮೊದಲು. ಮೂವರೂ ಕುಳಿತು ಹೆಕ್ಕಿದೆವು. ಹತ್ತಿಯ ಉಂಡೆಗಳು ಬೇಕಾದಷ್ಟಿದ್ದವು, ಎಲ್ಲ ಬೂದು ಬಣ್ಣದವು. ಕೊನೆಗೆ ಆ ಹತ್ತಿ ಸಿಕ್ಕಿದ್ದು ಆ ಹೆಂಗಸಿನ ಕೈಗೇ. ಒಂದು ಬದಿಯಲ್ಲಿ ಉಗುರಿನಷ್ಟು ಗಿಳಿಹಸಿರು ಒಣಗಿ ಅಂಟಿತ್ತು. ಶೇಟ್ರು ಅದನ್ನು ಇಸಿದುಕೊಂಡು, ಬೆಳ್ಳಿಯ ಪುಡಿ ಡಬ್ಬಿಗೇ ಬೀಳುವಂತೆ ಎರಡು ಸಲ ತಟ್ಟಿ, ತಿರುಗಿ ಕೊಟ್ಟರು.

ಆ ಹೆಂಗಸು ಪದಕವನ್ನು ಬಸ್ ಟಿಕೆಟ್ಟಿನ ಜೊತೆ ಪರ್ಸಿಗೆ ಹಾಕಿಕೊಂಡರು. ಹತ್ತಿಯನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು, ಹಸಿರು ಬದಿ ಮೇಲೆ ಮಾಡಿ, ಮುಚ್ಚಳ ಹಾಕಿದರು.